ಎರಡನೆಯ ವನ್ಸ್ ಮೋರ್

ಹುಲೆಪ್ಪಾ, ನೀನಿರುವಲ್ಲಿಗೆ ಟಪಾಲು ಹೋಗುವುದಿಲ್ಲ, ಆದರೂ ಕೇಳು! ಹದಿನೆಂಟು ವರ್ಷಗಳ ಮೇಲೆ ನಿನ್ನೆ ಕರಜಗಿಯಲ್ಲಿ ಹೊಸ ಹುಡುಗರು ನಮ್ಮ ಆ ವಿಷದ ನಾಟಕವನ್ನು ಮತ್ತೆ ಆಡಿದರು. ನಾನು ಆಡಿದ್ದ ಅಣ್ಣನ ಪಾರ್ಟು ಒಬ್ಬನಿಗೆ, ನೀನು ಆಡಿದ್ದ ತಮ್ಮನ ಪಾರ್ಟು ಇನ್ನೊಬ್ಬನಿಗೆ.

ಅಣ್ಣ ಕೊಟ್ಟ ವಿಷ ಕುಡಿದು ತಮ್ಮ ಹಾಡುತ್ತ ಸತ್ತ. ಮಂದಿ ಕೂಗಿದರು: “ವನ್ಸ್ ಮೋರ್!” ಸತ್ತವನು ಎದ್ದು, ಮತ್ತೆ ಹಾಡಿ, ಮತ್ತೆ ಸತ್ತ. ಮತ್ತೆ “ವನ್ಸ್ ಮೋರ್!” ಈ ಸಲ ಅವನು ಎದೆ ಹಿಡಿದು ಕೆಮ್ಮಿದ. ಅಣ್ಣನಾದವನು ಥೇಟ್ ನನ್ನಂತೆಯೇ ಮಂದಿಗೆ ಕೈಮುಗಿದು, ಅವನ ರಟ್ಟೆ ಹಿಡಿದು ಎಬ್ಬಿಸತೊಡಗಿದ.

ಮುಂದಿನ ಸಾಲಿನಿಂದ ಎದ್ದು ಗುಡುಗಿದೆ: “ಬಿಡಲೇ ಅವನ್ನ! ಮಲಗ್ಲಿ!”

ಪೆಂಡಾಲೆಲ್ಲ ನನ್ನತ್ತ ತಿರುಗಿತು. “ದತ್ತಪ್ಪ ಕಾಕಾಗ ಪಾರ್ಟಿನ ಹುಚ್ಚು ಇನ್ನೂ ಬಿಟ್ಟಿಲ್ಲ ನೋಡ್ರೋ” ಎಂದು ಯಾರೋ ನಕ್ಕರು. ತಮ್ಮನಾದ ಹುಡುಗ ನನ್ನತ್ತ ಬಗ್ಗಿ ಹೇಳಿದ: “ಅಂಜಬ್ಯಾಡ್ರಿ ಕಾಕಾ, ಕೆಮ್ಮು ಪಾರ್ಟಿನಾಗ ಅದರಿ. ಹುಲೆಪ್ಪ ಕಾಕಾ ಹಿಂಗೇ ಕೆಮ್ಮಿದ್ರಂತ.”

ಪಾರ್ಟಿನಲ್ಲಿ ಕೆಮ್ಮು ಇರಲಿಲ್ಲ. ಅಂದು ಎರಡನೆಯ ವನ್ಸ್ ಮೋರಿಗೆ ನಾನು ರಟ್ಟೆ ಹಿಡಿದಾಗ ನೀನು ನನ್ನ ಕಿವಿಯಲ್ಲಿ ಅಂದಿದ್ದೆ: “ಸಾಕಲೇ ದತ್ಯಾ, ದಮ್ಮ ಹತ್ತೇದ.” ಹಾಡಿ ಮಲಗಿದವನು ಮತ್ತೆ ಏಳಲಿಲ್ಲ. ಕಡೆಗೆ ಏನಾದರೂ ಅಂದರೇ ಎಂದು ನಿನ್ನ ಹೆಂಡತಿ ಮಲ್ಕಮ್ಮ ಕೇಳಿದಾಗ, ಚಪ್ಪಾಳೆಯಲ್ಲಿ ಏನೂ ಕೇಳಿಸಲಿಲ್ಲ ಎಂದೆ.

ಕೇಳಿಸಿತ್ತು, ಹುಲೆಪ್ಪಾ.