ಕಾಲು ಯಾರು ತಿಕ್ಕಿದ್ರು?

ಹೇಮಾ,

ಕೊಪ್ಪಳದ ದವಾಖಾನಿ ಹೊರಗ ಕುಂತು ನಿಮ್ಮತ್ತಿ ಶಾಂತಕ್ಕ ಬರಿಯಾಕತ್ತೀನಿ. ನನ್ನ ಒಳಗ ಬಿಡವಲ್ಲರು. ಸಿಸ್ಟರ್ ಫಾತಿಮಾಬೀ, 'ಚೀಟಿ ಬರ್ದು ಕೊಡ್ರಿ, ನಾ ಓದಿ ಹೇಳ್ತೀನಿ' ಅಂದಾಳ. ಏಳನೇ ಇಯತ್ತೆತನಕ ಸಾಲಿ ಕಲಿತ ಕೈ, ಅಕ್ಷರ ಸೊಟ್ಟ ಬೀಳಾಕತ್ತಾವು. ಭಾಳ ಅಂಜಿಕಿ ಆಗೈತವ್ವ ನನಗ.

ಹಡದು ಒಂಬತ್ತನೇ ದಿನಕ್ಕ ನಿನ್ನ ಎಡಗಾಲು ಬಾತು ಕೆಂಪಾತು. ನಿಮ್ಮವ್ವ ಇಲ್ಲ, ಬಾಣಂತನ ನಾನ ಮಾಡಬೇಕು ಅನ್ನೂ ಹಟ ನನ್ನದು. 'ವಾಯು ಹಿಡದೈತಿ, ತಿಕ್ಕಿದ್ರ ಇಳೀತೈತಿ' ಅಂತ ಔಡಲೆಣ್ಣಿ ಕಾಸಿ ಮೀನಖಂಡದಿಂದ ತೊಡಿತನಕ ಮೂರು ದಿನ ತಿಕ್ಕಿದೆ. ನೀ ಹಲ್ಲು ಕಚ್ಚಿದ್ರ 'ಸಾಕು ನಾಟಕ' ಅಂದೆ. ಇವತ್ತು ಮುಂಜಾನೆ ತಿಕ್ಕುವಾಗ 'ಅತ್ತಿ, ಎದಿಯಾಗ ಚುಚ್ಚಿದಂಗಾತು, ಉಸಿರು ಸಾಲವಲ್ದು' ಅಂದಿ. ಆಗ ನನ್ನ ಮಗ ಯಂಕೇಶ ಗಾಡಿ ತಂದ. ಕುಷ್ಟಗಿಯಿಂದ ಇಲ್ಲಿತನಕ ನಿನ್ನ ಬೈಕೊಂತನ ಬಂದೆ. ಇಲ್ಲಿ ಮುಟ್ಟೂದ್ರಾಗ ನಿನ್ನ ಉಸಿರು ಹಗುರಾಗಿತ್ತು, ಬಾತ ಕಾಲಷ್ಟ ತೋರಿಸಿದ್ವಿ.

'ಕಾಲಿಗೆ ಸ್ಕ್ಯಾನಿಂಗ್ ಮಾಡಬೇಕು' ಅಂದಾಗ ನಾ ಡಾಕ್ಟರ ಜೋಡಿ ಜಗಳ ತೆಗದೆ. 'ಹಡದಾಕಿಗೆ ಎಂಥಾ ಸ್ಕ್ಯಾನಿಂಗ್ರಿ? ಕೂಸು ಕಾಲಾಗ ಐತೇನ್ರಿ?' ನೀ ಆ ಬ್ಯಾನಿಯಾಗೂ ನಕ್ಕಿ. ಅವರು ತಣ್ಣನ್ನ ಅಂಟು ಹಚ್ಚಿ ತೊಡಿ ಮ್ಯಾಲೆ ಮಷೀನಿನ ತುದಿ ಒತ್ತಿದ್ರು. ಮಷೀನಿನ ಪರದಿ ಮ್ಯಾಲೆ ಬಲಗಾಲಿನ ರಕ್ತದ ನರ ಒತ್ತಿದ ಕೂಡ್ಲೇ ಚಪ್ಪಟಿ ಆತು, ಬಿಟ್ಟ ಕೂಡ್ಲೇ ನೀಲಿ ಬಣ್ಣ ಹರೀತು. ಎಡಗಾಲಿಂದು ಎಷ್ಟು ಒತ್ತಿದ್ರೂ ಗುಂಡಗ ಹಂಗ ನಿಂತಿತ್ತು. ಬಣ್ಣನ ಇಲ್ಲ.

'ರಕ್ತ ಹೆಪ್ಪುಗಟ್ಟೈತಿ. ತುಣುಕು ಕಿತ್ಕೊಂಡು ಶ್ವಾಸಕೋಶಕ್ಕ ಹೋದ್ರ ಜೀವಕ್ಕ ಕುತ್ತು. ಯಾರರ ತಿಕ್ಕೀರೇನು? ಉಸಿರಿನ ತ್ರಾಸು ಆಗಿತ್ತೇನು?' ಅಂತ ಕೇಳಿದ್ರು.

ನಾ ಎರಡೂ ಕೈ ಸೆರಗಿನಾಗ ಮುಚ್ಚಿಕೊಂಡೆ. ನೀ ನನ್ನ ಮಾರಿ ನೋಡಿ, 'ಯಾರೂ ತಿಕ್ಕಿಲ್ರಿ, ಏನೂ ಆಗಿಲ್ರಿ' ಅಂದಿ.

ಹುಚ್ಚಿ! ನನ್ನ ಮಾನ ಉಳಿಸಾಕ ನಿನ್ನ ಜೀವ ಒತ್ತೆ ಇಟ್ಟ್ಯಲ್ಲ! ನಾನೂ ಎಂಥಾಕಿ, ಸುಮ್ಮನ ಹೊರಗ ಬಂದೆ. ಮಗ ಏನಂದಾನು, ಬೀಗರು ಏನಂದಾರು, 'ಸೊಸಿನ ತಿಕ್ಕಿ ಕೊಂದ್ಲು' ಅಂತ ಊರು ಆಡಿಕೊಂಡೀತು ಅಂತ ಗೇಟಿನ ತನಕ ನಡದೆ. ಅಲ್ಲಿ 'ಉಸಿರು ಸಾಲವಲ್ದು' ಅಂದ ನಿನ್ನ ದನಿ ನೆನಪಾತು. ತಿರುಗಿ ಓಡಿ ಬಂದು ಡಾಕ್ಟರ ಮುಂದ ಎರಡೂ ಕೈ ಚಾಚಿ, 'ಇವ ಕೈ ತಿಕ್ಯಾವ್ರಿ. ಮುಂಜಾನೆ ಉಸಿರೂ ಸಿಕ್ಕೊಂಡಿತ್ರಿ' ಅಂದೆ. ಅವರು ಬೈಯಲಿಲ್ಲ. ಓಡಿದ್ರು. ಅವರು ಬೈದಿದ್ರ ಇಷ್ಟು ಅಂಜತಿರಲಿಲ್ಲ ನಾನು.

ಅದಕ್ಕ ನಿನ್ನ ಎದಿ ಸ್ಕ್ಯಾನಿಂಗಿಗೆ ಒಯ್ದದ್ದು, ಮೂಗಿಗೆ ಆಕ್ಸಿಜನ್ ಹಚ್ಚಿದ್ದು. ತಾಸು ಆತು, ಯಾರೂ ಏನೂ ಹೇಳವಲ್ಲರು. ಬಾಗಲ ಸಪ್ಪಳಾದಾಗೆಲ್ಲ ಬರಿಯೂದು ಬಿಟ್ಟು ಅತ್ತ ನೋಡ್ತೀನಿ. ಕೂಸು ನನ್ನ ಉಡ್ಯಾಗ ಮಲಗೈತಿ. ಯಂಕೇಶಗೂ ಎಲ್ಲಾ ಹೇಳೀನಿ. ಅಂವ ನನ್ನ ಮಾರಿ ನೋಡವಲ್ಲ.

ಕೆಮ್ಮು ಬರಲಿ, ಉಸಿರು ಸಿಗದಂಗಾಗಲಿ, ಎದಿ ನೋಯಲಿ, ತಟ್ಟನ ಸಿಸ್ಟರಗ ಹೇಳು. ನನ್ನ ಹೆಸರು ಹಿಡದು ಹೇಳು. ನನ್ನ ಮಾನಕ್ಕ ನೀ ಸಾಯಬ್ಯಾಡ ಮಗಳ. ಬದುಕಿ ಮನಿಗೆ ಬಂದು, ಓಣಿ ಮಂದಿನೆಲ್ಲಾ ಕುಂದ್ರಿಸಿ, 'ನಮ್ಮತ್ತಿ ನನ್ನ ಕೊಲ್ಲಾಕ ಹೋಗಿದ್ಲು' ಅಂತ ಬೈಯಿ. ನಾ ಎದುರಿಗೆ ಕುಂತು 'ಹೌದು' ಅಂತೀನಿ.

ಹಂಗ ಬೈಯೂವಷ್ಟು ಉಸಿರು ನಿನಗ ನೂರು ವರ್ಷ ಇರಲಿ.

ನಿಮ್ಮತ್ತಿ,
ಶಾಂತಕ್ಕ