ಹನ್ನೊಂದು ಸಿಲಿಂಡರುಗಳು

ಕಂದಾವು ದ್ವೀಪ, ಫಿಜಿ

ಕಡಲಸೌತೆಯೆಂಬ ಜೀವಿಗಳನ್ನು ಹಿಡಿಯಲು ಮುಳುಗುವ ನಮ್ಮ ದೋಣಿಯ ಬಂಧುಗಳೇ,

ನನ್ನ ಮಗ ಇಸಿಕೇಲಿಯ ಸಾವಿನ ಶೋಕಕ್ಕೆ ರೂಢಿಯಂತೆ ಚಾಪೆ, ಕುಡಿಯಲು ಅರೆಯುವ ಕಾವಾ ಬೇರು ತಂದು ನೆರೆದಿರುವ ನಿಮಗೆ ವಂದನೆಗಳು. ನಿಮ್ಮ ಅನುಕಂಪವನ್ನು ಮಾತ್ರ ನಾನು ಸ್ವೀಕರಿಸಲಾರೆ.

ಅವನು ತೀರಿಕೊಂಡ ದಿನ ಸಿಲಿಂಡರುಗಳಿಗೆ ಗಾಳಿ ತುಂಬುವ ಕಂಪ್ರೆಸರಿನ ಒತ್ತಡದ ಮುಳ್ಳು ಇನ್ನೂರಕ್ಕೇರಬೇಕಿದ್ದದ್ದು ನೂರೈವತ್ತರ ಮೇಲೇರಲಿಲ್ಲ.

"ಎಲ್ಲೋ ಸೋರ್ತಿದೆ ಅಪ್ಪಾ, ಸೋಪುನೀರು ಹಚ್ಚಿ ನೋಡೋಣ" ಎಂದ ಇಸಿಕೇಲಿ.

"ಅದಕ್ಕೆ ಮೂಗು ಕಟ್ಟಿದೆ ಕಣೋ. ಗಾಳಿ ಎಳೆಯೋ ಕೊಳವೆ ಕಿತ್ತಾಕು" ಎಂದೆ.

ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ ನಾಲಿಗೆ ನನ್ನದು, ಗೆದ್ದೆ.

"ನಿನ್ನ ಹತ್ರ ವಾದ ಮಾಡೋದಕ್ಕಿಂತ ಮುಳುಗೋದೇ ವಾಸಿ" ಎಂದು ನಗುತ್ತಾ ಕೊಳವೆ ಬಿಚ್ಚಿದ.

ದೂರದಿಂದ ಶುದ್ಧ ಗಾಳಿ ತರುತ್ತಿದ್ದ ಆ ಕೊಳವೆಯಿಲ್ಲದೆ ಯಂತ್ರವು ಪಕ್ಕದ ಎಂಜಿನ್ನಿನ ಹೊಗೆಯನ್ನೆಳೆದು ಸಿಲಿಂಡರುಗಳಿಗೆ ತುಂಬಿತು. ಕಡಲಡಿಯಲ್ಲಿ ಅವನು ಉಸಿರಾಡಿದ್ದು ಅದನ್ನೇ.

ನಿನ್ನೆ ನಾನು ಸೋಪುನೀರು ಹಚ್ಚಿದೆ. ಯಂತ್ರದೊಳಗಿನ ನೀರು ಬಸಿಯುವ ತಿರುಪಿನಲ್ಲಿ ಗುಳ್ಳೆಗಳೆದ್ದವು; ಅವನು ಹೇಳಿದಂತೆ ಸೋರುತ್ತಿತ್ತು. ಅದನ್ನು ಬದಲಾಯಿಸಿ, ಕೊಳವೆಯನ್ನು ಮರಳಿ ಜೋಡಿಸುವವರೆಗೆ ದಯವಿಟ್ಟು ಯಂತ್ರ ನಡೆಸಬೇಡಿ.

ಅಂದು ತುಂಬಿದ ಇನ್ನೂ ಹನ್ನೊಂದು ಸಿಲಿಂಡರುಗಳು ಶೆಡ್ಡಿನಲ್ಲಿದ್ದವು. ನಾಳೆ ಅವನ್ನೇ ಬೆನ್ನಿಗೇರಿಸಿಕೊಂಡು ನಿಮ್ಮೊಡನೆ ನನ್ನ ಕಿರಿಯ ಮಗನೂ ಇಳಿಯುವವನಿದ್ದ. ಅವನ್ನು ಖಾಲಿ ಮಾಡಲೇ ಎಂದು ನಿಮ್ಮನ್ನು ಕೇಳಿದ್ದರೆ ಚರ್ಚೆಯಾಗುತ್ತಿತ್ತು. ಚರ್ಚೆಗೆ ನಾನೀಗ ಹೆದರುತ್ತೇನೆ. ಆದ್ದರಿಂದ ಇಂದು ಬೆಳಿಗ್ಗೆ, ಯಾರನ್ನೂ ಕೇಳದೆ, ಹನ್ನೊಂದರ ಗಾಳಿಯನ್ನೂ ಹೊರಬಿಟ್ಟಿದ್ದೇನೆ.

ಇಸಿಕೇಲಿಯ ತಂದೆ,
ಸೈರುಸಿ