ಬಾಯಿ ಬಿಡುವ ಸರದಿ

ಹೊಸನಗರ
ಸೋಮವಾರ, 10-2-2025

ನನ್ನ ಎಲೆಯಡಿಕೆ ಕವಳದ ಜೊತೆಗಾತಿ ತನುಜಾಗೆ,

‘ನಾನು ಕ್ಷೇಮ’ ಎಂದು ಬರೆಯಹೊರಟೆ, ಪೆನ್ನು ನಿಂತಿತು. ಆ ಮಾತನ್ನು ಗುರುವಾರಕ್ಕೆ ಎತ್ತಿಟ್ಟಿದ್ದೇನೆ.

ಫೋನ್ ಬಿಟ್ಟು ಕಾಗದ ಬರೆದಳಲ್ಲ ಎಂದು ನಗಬೇಡ. ಇಲ್ಲಿ ಸಿಗ್ನಲ್ ಇಲ್ಲ. ತೀರ್ಥಹಳ್ಳಿ ಬಸ್ಸಿನವರ ಕೈಲಿ ಕೊಡುತ್ತೇನೆ, ನಿಮ್ಮೂರ ಸ್ಟಾಪಿನಲ್ಲಿ ಇಳಿಸುತ್ತಾರೆ.

ಹೊಗೆಸೊಪ್ಪು ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಬೆಳಗಿನಿಂದ ಜಗುಲಿ ಮೂರು ಸಲ ಗುಡಿಸಿದ್ದೇನೆ, ಕಸ ಇದ್ದದ್ದು ಒಂದೇ ಸಲ. ಈ ಸಾಲು ಬರೆಯುವ ಮೊದಲು ಎದ್ದು ನೀರು ಕುಡಿದೆ, ಬರೆದಾದ ಮೇಲೆ ಮತ್ತೆ ಏಳುತ್ತೇನೆ. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆಯಾಗಿದೆ. ಊಟವಾಗಿ ಎರಡು ಗಂಟೆ ಹೊಡೆದರೆ ಕೈ ತಾನಾಗಿ ಚೀಲದೊಳಗೆ ಹೋಗುತ್ತದೆ, ಅಲ್ಲಿ ಲವಂಗ ಸಿಗುತ್ತದೆ, ಸಿಟ್ಟು ಬರುತ್ತದೆ. ನಿನ್ನೆ ನಮ್ಮನೆಯವರು ಉಮೇಶ್ ತಾಳಲಾರದೆ, “ಹತ್ತೊಂಬತ್ ದಿನದಿಂದ ನನ್ನೇ ಜಗೀತಿದೀಯಲ್ಲೇ ಮಾರಾಯ್ತಿ” ಎಂದರು. ಹದಿನೆಂಟು ಎಂದು ತಿದ್ದಿದೆ.

ಯಾಕೆ ಬಿಟ್ಟೆ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಕಳೆದ ತಿಂಗಳ ಬಾಯಿ ತಪಾಸಣೆ ಶಿಬಿರಕ್ಕೆ ನೀನು ತಲೆನೋವೆಂದು ಬರಲಿಲ್ಲ. ನಾನು ನಮ್ಮ ಕೇರಿಯ ಮಾಸ್ತಮ್ಮಜ್ಜಿಯನ್ನು ಕರೆದೊಯ್ದಿದ್ದೆ. ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಯಿರಿ ಎಂದರೆ ಅಜ್ಜಿ ನನ್ನ ಕಡೆ ಬೆರಳು ತೋರಿಸಿ, “ಅವ್ಳು ಮೊದ್ಲು ಬಾಯಿ ಬಿಡ್ಲಿ, ಆಮೇಲೆ ನಾನ್ ಬಿಡ್ತೀನಿ” ಎಂದಿತು. ಹಿಂದಿನ ಗೋಡೆಯ ಮೇಲೆ ನಾನೇ ಕಟ್ಟಿದ ಪ್ರಾಸ: ‘ಹೊಗೆಸೊಪ್ಪು ಸಾಕು, ನಗುವ ಬಾಯಿ ಬೇಕು.’ ಅದು ಹೊಳೆದ ದಿನ ನನ್ನ ದವಡೆಯಲ್ಲಿ ಏನಿತ್ತು ಎಂದು ನಿನಗೆ ಗೊತ್ತು, ಅರ್ಧ ಎಲೆ ನಿನ್ನದೇ.

ಕೂತೆ. ಬಾಯಿ ಎಷ್ಟು ತೆರೆಯುತ್ತದೆ ನೋಡೋಣ, ಮೂರು ಬೆರಳು ನೆಟ್ಟಗೆ ಹಲ್ಲಿನ ನಡುವೆ ಇಡಿ ಎಂದರು. ನನಗೆ ಎರಡೇ ಹಿಡಿದವು. ಎಡಗೆನ್ನೆಯೊಳಗೆ, ನಾವು ಕವಳ ಇಡುವ ಅದೇ ಜಾಗದಲ್ಲಿ, ಬಿಳಿ ಕಲೆ. ಅಜ್ಜಿಯ ಬಾಯಲ್ಲಿ ಹಲ್ಲೂ ಇಲ್ಲ, ಕಲೆಯೂ ಇಲ್ಲ. “ಎಲೆ ಅಡಿಕೆ ಬಿಟ್ಟು ಇಪ್ಪತ್ ವರ್ಷ ಆತು, ತಿಂತೀನಿ ಅಂತ ನಿಂಗ್ಯಾರೇ ಹೇಳಿದ್ರು?” ಎಂದು ನನ್ನನ್ನೇ ಗದರಿತು. ಅಜ್ಜಿಯ ಶಿಬಿರದ ಫಾರಂನಲ್ಲಿ, ಹೊಗೆಸೊಪ್ಪು ಅಡಿಕೆ ತಿನ್ನುತ್ತೀರಾ ಎಂಬಲ್ಲಿ, ಕೇಳದೆಯೇ ‘ಹೌದು’ ಎಂದು ಬರೆದವಳು ನಾನು. ನಮ್ಮಿಬ್ಬರ ಫಾರಂ ಮಾತ್ರ ನನ್ನದು ನೀನು, ನಿನ್ನದು ನಾನು, ಬಾಯ್ತುಂಬ ಕವಳ ಇಟ್ಟುಕೊಂಡು ನಗುತ್ತಾ ‘ಇಲ್ಲ’ ಎಂದು ತುಂಬಿದ್ದೆವು. ಹನ್ನೆರಡು ವರ್ಷ ಆಶಾ ಕೆಲಸ ಮಾಡಿ ನಾವು ಕಲಿತದ್ದು ಇದು.

ಹೊಗೆಸೊಪ್ಪಿನ ಜೊತೆ ಅಡಿಕೆಯನ್ನೂ ಬಿಡಿ ಎಂದರು ಡಾಕ್ಟರಮ್ಮ. ಈ ಅಡಿಕೆ ಸೀಮೆಯಲ್ಲಿ ಕೂತು ಅಷ್ಟು ಹೇಳಲು ಧೈರ್ಯ ಬೇಕು. ಬಿಟ್ಟರೆ ಕೆಲವು ಕಲೆ ತಾವಾಗಿ ಮಾಯುತ್ತವೆಯಂತೆ, ಕೆಲವು ಕ್ಯಾನ್ಸರಿಗೆ ತಿರುಗುತ್ತವೆಯಂತೆ. ಯಾವುದು ಎಂಥದ್ದೆಂದು ಪರೀಕ್ಷೆಯಿಲ್ಲದೆ ಹೇಳಲಾಗದಂತೆ.

ಬಿಟ್ಟದ್ದರಿಂದ ಲಾಭವಿಲ್ಲ ಎನ್ನಲಾರೆ. ಸಾರಿನ ಖಾರಕ್ಕೆ ಬಾಯಿ ಮೊದಲಿನಂತೆ ಉರಿಯುವುದಿಲ್ಲ. ನಾಲಿಗೆಗೆ ರುಚಿ ಮರಳಿದೆ. ನನ್ನ ಅಡುಗೆಗೆ ಉಪ್ಪು ಜಾಸ್ತಿ ಎಂದು ಉಮೇಶ್ ಇಷ್ಟು ವರ್ಷ ದೂರಿದ್ದು ನಿಜವೆಂದು ಗೊತ್ತಾಯಿತು. ಅವರಿಗಿನ್ನೂ ಹೇಳಿಲ್ಲ.

ಇನ್ನೂ ಒಂದು ಹೇಳಿಲ್ಲ. ಸಿಗ್ನಲ್ ಚೆನ್ನಾಗಿಯೇ ಇದೆ ತನು, ಮಾತಾಡಲು ಆಗುತ್ತಿಲ್ಲ. ಹೋದ ಗುರುವಾರ ಸಾಗರದ ಆಸ್ಪತ್ರೆಗೆ ಹೋಗಿದ್ದೆ. ಕಲೆ ತಿಳಿಯಾಗಿತ್ತು, ಹೋಗಿರಲಿಲ್ಲ. ಪರೀಕ್ಷೆಗೆಂದು ಜೋಳದ ಕಾಳಿನಷ್ಟು ಕತ್ತರಿಸಿಕೊಂಡು ಎರಡು ಹೊಲಿಗೆ ಹಾಕಿದರು. ಮನೆಯಲ್ಲಿ ಹಲ್ಲು ಕೀಳಿಸಿದೆ ಎಂದಿದ್ದೇನೆ. ಈ ಗುರುವಾರ ರಿಪೋರ್ಟು.

ನನ್ನದು ನನಗಿರಲಿ. ಹೋದ ಮೀಟಿಂಗಿನಲ್ಲಿ ನೀನು ಖಾರ ಮಂಡಕ್ಕಿ ಮುಟ್ಟಲಿಲ್ಲ. ಆಕಳಿಕೆ ಬಂದಾಗ ಕೆನ್ನೆ ಒತ್ತಿ ಹಿಡಿದೆ. ಕೇಳಿದರೆ, “ಬಾಯಿಹುಣ್ಣು ಕಣೆ, ಬಿ-ಕಾಂಪ್ಲೆಕ್ಸ್ ತಗೊಂಡಿದೀನಿ” ಎಂದೆ. ಅದಾಗಿ ಆರು ವಾರ. ಎರಡು ವಾರ ದಾಟಿದ ಹುಣ್ಣನ್ನು ತೋರಿಸಲೇಬೇಕು ಎಂದು ಮನೆಮನೆ ತಿರುಗಿ ಹೇಳಿದವರು ಯಾರು? ಕನ್ನಡಿ ಮುಂದೆ ನಿಂತು ಮೂರು ಬೆರಳು ಇಟ್ಟು ನೋಡು. ನನಗೆ ಸುಳ್ಳು ಹೇಳು, ಬೆರಳಿಗೆ ಹೇಳಬೇಡ.

ಹೊಲಿಗೆ ಎಳೆಯುತ್ತಿದೆ. ಮತ್ತೆ ಎದ್ದು ಜಗುಲಿ ಗುಡಿಸಬೇಕು.

ಬಾಯಿ ಕಟ್ಟಿಕೊಂಡಿರುವ ನಿನ್ನ
ವಿನಯಾ

ಮರೆತ ಮಾತು: ಮರೆತದ್ದಲ್ಲ, ಹೆದರಿ ಕೊನೆಗಿಟ್ಟದ್ದು. ನಮ್ಮಿಬ್ಬರ ಫಾರಂಗಳನ್ನು ಶನಿವಾರ ಆಸ್ಪತ್ರೆಗೆ ಕೊಟ್ಟೆ. ನನ್ನದರಲ್ಲಿ ‘ಇಲ್ಲ’ ಹೊಡೆದುಹಾಕಿ ‘ಹೌದು’ ಬರೆದೆ. ನಿನ್ನದರಲ್ಲೂ. ಗುರುವಾರ ಸಾಗರದ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೇ ನಿನ್ನ ಹೆಸರಿದೆ. ನಿನ್ನನ್ನು ಕೇಳದೆ ಮಾಡಿದ್ದು ತಪ್ಪೇ. ಬಂದು ಬೈ. ಡಾಕ್ಟರಮ್ಮನ ಎದುರೇ ಬೈ, ಬಾಯಿ ಅಗಲವಾಗಿ ತೆರೆದು ಬೈ.